ಪ್ಯಾರಿಸ್‌ನಲ್ಲೊಂದು ವಾರಾಂತ್ಯ, ನಾಲ್ವರು ಗೆಳೆಯರು: ಯಾವ ಟಿಕೆಟ್ಟು, ಯಾವ ಪಾಸು?

ಶುಕ್ರವಾರ ಸಂಜೆ ಪ್ಯಾರಿಸ್‌ನಲ್ಲಿ ಇಳಿದು ಭಾನುವಾರ ಸಂಜೆ ಹೊರಡುವ ನಾಲ್ವರ ಗುಂಪಿಗೆ ನನ್ನ ಓಟು ನವಿಗೊ ಈಸಿ ಕಾರ್ಡಿಗೆ. ಬೆಲೆ ಎರಡು ಯೂರೊ. ಫೋಟೊ ಬೇಡ, ಹೆಸರು ಬೇಡ. ಬಿಡಿ ಟಿಕೆಟ್ ಎಷ್ಟು ಬೇಕೋ ಅಷ್ಟು ತುಂಬಿಸಿಕೊಳ್ಳಬಹುದು, ಓಡಾಟ ಜಾಸ್ತಿ ಇರುವ ದಿನಕ್ಕೆ ದಿನದ ಪಾಸನ್ನೂ ಅದರಲ್ಲೇ ಹಾಕಿಸಬಹುದು. ಪ್ರವಾಸಿಗಳಿಗೆಂದೇ ಮಾರುವ ಪ್ಯಾರಿಸ್ ವಿಜಿಟ್ ಪಾಸು ನೋಡಲು ಚೆಂದ, ಜೇಬಿಗೆ ಭಾರ. ವಾರದ ಪಾಸು ಅಗ್ಗವೇನೋ ಹೌದು, ಆದರೆ ವಾರಾಂತ್ಯಕ್ಕೆ ಬರುವವರ ಕೈಗೆ ಅದು ಸಿಗುವುದೇ ಇಲ್ಲ. ಇಲ್ಲಿ ಕೊಟ್ಟಿರುವ ದರಗಳೆಲ್ಲ 2025ರವು. ಹೊರಡುವ ಮುನ್ನ ಈಗಿನ ದರ ಒಮ್ಮೆ ಪರೀಕ್ಷಿಸಿಕೊಳ್ಳಿ.

ವಾರದ ಪಾಸಿನ ಕಥೆ ಮೊದಲು ಮುಗಿಸೋಣ. ನವಿಗೊ ಸೆಮೆನ್ 31.60 ಯೂರೊ, ವಿಮಾನ ನಿಲ್ದಾಣವೂ ಸೇರಿದಂತೆ ಎಲ್ಲ ವಲಯಗಳಿಗೂ ನಡೆಯುತ್ತದೆ. ಆದರೆ ಅದರ ವಾರ ಎಂದರೆ ಸೋಮವಾರದಿಂದ ಭಾನುವಾರ, ನೀವು ಕೊಂಡ ದಿನದಿಂದ ಏಳು ದಿನವಲ್ಲ. ಆ ವಾರದ ಪಾಸು ಗುರುವಾರದವರೆಗೆ ಮಾತ್ರ ಮಾರಾಟ. ಶುಕ್ರವಾರ ಕೇಳಿದರೆ ಮುಂದಿನ ಸೋಮವಾರ ಶುರುವಾಗುವ ಪಾಸು ಕೊಡುತ್ತಾರೆ. ಜೊತೆಗೆ ಅದಕ್ಕೆ ಬೇಕಾದ ಪ್ಲಾಸ್ಟಿಕ್ ಕಾರ್ಡೇ ಬೇರೆ: ಐದು ಯೂರೊ, ಮೇಲೆ ನಿಮ್ಮ ಪುಟ್ಟ ಫೋಟೊ ಅಂಟಿಸಿರಬೇಕು. ಗುರುವಾರವೇ ಬಂದಿಳಿಯುವವರು ಮಾತ್ರ ಇದರ ಬಗ್ಗೆ ಯೋಚಿಸಿ.

ಈಗ ಈಸಿ ಕಾರ್ಡಿನ ಕಿರಿಕಿರಿ. ಇದು ಮೊದಲೇ ಗೊತ್ತಿಲ್ಲದಿದ್ದರೆ ನಿಲ್ದಾಣದ ಯಂತ್ರದ ಮುಂದೆ ನಾಲ್ವರೂ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ. ಮೆಟ್ರೊ, ಆರ್‌ಇಆರ್ (ನಗರ ದಾಟಿ ಉಪನಗರಗಳಿಗೂ ಓಡುವ ವೇಗದ ರೈಲು), ಲೋಕಲ್ ರೈಲಿಗೆಲ್ಲ ಒಂದೇ ಬಿಡಿ ಟಿಕೆಟ್, 2.50 ಯೂರೊ. ವಿಮಾನ ನಿಲ್ದಾಣಕ್ಕೆ ಅಥವಾ ಅಲ್ಲಿಂದ ಬರಲು ಬೇರೆ ಟಿಕೆಟ್, 13 ಯೂರೊ. ಈ ಎರಡು ಬಗೆಯ ಟಿಕೆಟ್‌ಗಳು ಒಂದೇ ಈಸಿ ಕಾರ್ಡಿನಲ್ಲಿ ಒಟ್ಟಿಗೆ ಇರಲಾರವು. ಕಾರ್ಡಿನಲ್ಲಿ ಒಂದೇ ಒಂದು ಮೆಟ್ರೊ ಟಿಕೆಟ್ ಉಳಿದಿದ್ದರೂ ವಿಮಾನ ನಿಲ್ದಾಣದ ಟಿಕೆಟ್ ಅದರೊಳಗೆ ಹೋಗುವುದಿಲ್ಲ.

ಬರುವಾಗ ತೊಂದರೆಯಿಲ್ಲ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಲ್ಲಿ ಹೊಸ ಕಾರ್ಡು, ಅದಕ್ಕೆ 13 ಯೂರೊದ ಟಿಕೆಟ್ ಮಾತ್ರ ಹಾಕಿಸಿ. ಆರ್‌ಇಆರ್‌ನ ಬಿ ಲೈನು ಹತ್ತಿ ಗಾರ್ ದು ನೋರ್ ರೈಲು ನಿಲ್ದಾಣದಲ್ಲಿ ಮೆಟ್ರೊಗೆ ಬದಲಾಯಿಸಿದರೂ ಉಳಿದುಕೊಳ್ಳುವ ಜಾಗದ ನಿಲ್ದಾಣದವರೆಗೆ ಅದೇ ಟಿಕೆಟ್ ಸಾಕು. ನಡುವೆ ಕಾಫಿಗೆಂದು ಗೇಟು ದಾಟಿ ಹೊರಗೆ ಹೋಗಬೇಡಿ, ಪ್ರಯಾಣ ಅಲ್ಲಿಗೇ ಮುಗಿದಂತೆ. ಮೆಟ್ರೊ ಟಿಕೆಟ್‌ಗಳನ್ನು ಕೊನೆಯ ನಿಲ್ದಾಣದಲ್ಲಿ ಇಳಿದ ಮೇಲೆ ಹಾಕಿಸಿ.

ಪೇಚಿಗೆ ಸಿಕ್ಕಿಸುವುದು ವಾಪಸಾಗುವಾಗ. ಬೇಕಾಗಬಹುದು ಎಂದು ತಲಾ ಹತ್ತು ಟಿಕೆಟ್ ತುಂಬಿಸಿಕೊಂಡವರ ಬಳಿ ಭಾನುವಾರ ಒಬ್ಬರಲ್ಲಿ ಎರಡು, ಇನ್ನೊಬ್ಬರಲ್ಲಿ ಮೂರು ಉಳಿದಿರುತ್ತವೆ. ಆಗ ಇರುವುದು ಎರಡೇ ದಾರಿ: ಇನ್ನೆರಡು ಯೂರೊ ಕೊಟ್ಟು ಹೊಸ ಕಾರ್ಡು ಕೊಳ್ಳುವುದು, ಇಲ್ಲವೇ ಉಳಿದದ್ದನ್ನು ಎಲ್ಲಾದರೂ ಓಡಾಡಿ ಖಾಲಿ ಮಾಡುವುದು. ಹತ್ತು ಟಿಕೆಟ್ ಒಟ್ಟಿಗೆ ಕೊಂಡರೆ ಸಿಗುತ್ತಿದ್ದ ರಿಯಾಯಿತಿಯೂ ಈಗಿಲ್ಲ, ಹಾಗಾಗಿ ಸಗಟು ಖರೀದಿಯಿಂದ ಮೂರು ಕಾಸಿನ ಲಾಭವಿಲ್ಲ. ಎರಡೆರಡು ಹಾಕಿಸಿಕೊಂಡು ಹೋಗುವುದೇ ಜಾಣತನ.

ಇನ್ನೊಂದು ಮಾತು. ನಮ್ಮ ಮೆಟ್ರೊದಲ್ಲಿ ಒಂದೇ ಕ್ಯೂಆರ್ ಟಿಕೆಟ್‌ನಲ್ಲಿ ಆರು ಜನರವರೆಗೆ ದಾಟಿ ರೂಢಿಯಾದ ಬೆಂಗಳೂರಿನವರಿಗೆ ಇದು ವಿಚಿತ್ರ ಎನಿಸಬಹುದು: ಇಲ್ಲಿ ತಲೆಗೊಂದು ಕಾರ್ಡು. ನಿಮ್ಮ ಕಾರ್ಡಿನಲ್ಲಿ ಎಂಟು ಟಿಕೆಟ್ ಇದ್ದರೂ ನೀವು ದಾಟಿ, ಅದನ್ನೇ ಹಿಂದಿನವರಿಗೆ ಕೊಟ್ಟು ದಾಟಿಸುವಂತಿಲ್ಲ. ಯಂತ್ರದಲ್ಲೂ ಒಂದೊಂದೇ ಕಾರ್ಡು ಇಟ್ಟು, ಹಣ ಕಟ್ಟಿ, ತುಂಬಿದೆ ಎಂದು ಪರದೆಯ ಮೇಲೆ ಬರುವವರೆಗೆ ಕೈಬಿಡದೆ ಕಾದು, ಆಮೇಲೆ ಮುಂದಿನದು. ಲಂಡನ್ ನೋಡಿ ಬಂದವರು ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಲು ಹೋಗುತ್ತಾರೆ. ಪ್ಯಾರಿಸ್ ಮೆಟ್ರೊ ಗೇಟಿನಲ್ಲಿ ಅದು ನಡೆಯದು. ಫೋನಿನಲ್ಲೇ ಟಿಕೆಟ್ ಕೊಂಡರೆ ಕಾರ್ಡಿನ ಎರಡು ಯೂರೊ ಉಳಿಯುತ್ತದೆ, 2024ರಿಂದ ಐಫೋನ್‌ಗೂ ಆ ಸೌಲಭ್ಯ ಬಂದಿದೆ. ಆದರೆ ದಿನವಿಡೀ ಫೋಟೊ ಹೊಡೆದು ಬ್ಯಾಟರಿ ಮುಗಿಸಿಕೊಳ್ಳುವ ಗುಂಪಾದರೆ ಪ್ಲಾಸ್ಟಿಕ್ಕೇ ವಾಸಿ.

ಬಸ್ಸಿನ ಟಿಕೆಟ್ ಬೇರೆ, 2 ಯೂರೊ. ಮೆಟ್ರೊ ಇಳಿದು ಅದೇ ಟಿಕೆಟ್‌ನಲ್ಲಿ ಬಸ್ ಹತ್ತಲಾಗದು.

ದಿನದ ಪಾಸು, ಅಂದರೆ ನವಿಗೊ ಜೂರ್, 12 ಯೂರೊ. ಲೆಕ್ಕ ಸುಲಭ: ನಾಲ್ಕು ಸಲ ಹತ್ತಿಳಿದರೆ ಬಿಡಿ ಟಿಕೆಟ್‌ಗೆ 10, ಐದು ಸಲಕ್ಕೆ 12.50. ಐದನೆಯ ಸಲ ಗೇಟು ದಾಟುವ ದಿನಕ್ಕೆ ಪಾಸು, ಅದಕ್ಕಿಂತ ಕಡಿಮೆಯಾದರೆ ಬಿಡಿ. ಶನಿವಾರ ಐದು ಸಲ ಎನ್ನುವುದು ಆಗೇ ಆಗುತ್ತದೆ. ಬೆಳಗ್ಗೆ ಟ್ರೊಕಾಡೆರೊ, ಅಲ್ಲಿಂದ ಐಫೆಲ್ ಗೋಪುರದ ಕಡೆಗೆ 6ನೇ ಲೈನು, ಮಧ್ಯಾಹ್ನ ನೋತ್ರ್ ದಾಮ್, ಸಂಜೆ ಮೊಂಮಾರ್ತ್, ರಾತ್ರಿ ವಾಪಸ್. 6ನೇ ಲೈನಿನಲ್ಲಿ ಪಾಸ್ಸಿಯಿಂದ ಬಿರ್-ಅಕೆಮ್ ನಡುವೆ ರೈಲು ನೆಲದಡಿಯಿಂದ ಮೇಲೆದ್ದು ಸೇನ್ ನದಿಯ ಸೇತುವೆ ದಾಟುತ್ತದೆ. ನಾಸಿಯೋಂ ಕಡೆಗೆ ಹೋಗುವ ರೈಲಾದರೆ ಎಡಗಡೆ ಕಿಟಕಿ ಹಿಡಿಯಿರಿ, ಗೋಪುರ ಬುಡದಿಂದ ತುದಿಯವರೆಗೆ ಕಾಣುತ್ತದೆ. ಎರಡೂವರೆ ಯೂರೊಗೆ ಇಷ್ಟು ಸಿಗುವಾಗ ದುಬಾರಿ ತೆರೆದ ಬಸ್ ಯಾಕೆ ಎನ್ನುವುದು ನನ್ನ ಪ್ರಶ್ನೆ.

ದಿನದ ಪಾಸಿನಲ್ಲಿ ಎರಡು ಮೋಸ ಹೋಗುವ ಜಾಗಗಳಿವೆ. ಒಂದು, ಅದು 24 ಗಂಟೆಯ ಪಾಸಲ್ಲ, ತಾರೀಖಿನ ಪಾಸು. ಶುಕ್ರವಾರ ರಾತ್ರಿ ಎಂಟಕ್ಕೆ ಕೊಂಡರೆ ನಾಲ್ಕೇ ಗಂಟೆ. ಶನಿವಾರ ತಡರಾತ್ರಿ ಮೆಟ್ರೊ ಎರಡು ಗಂಟೆಯ ತನಕ ಓಡುತ್ತದೆ, ಪಾಸು ಮಾತ್ರ ಹನ್ನೆರಡಕ್ಕೇ ಸತ್ತಿರುತ್ತದೆ. ಊಟ ಮುಗಿಸಿ ಹರಟೆ ಹೊಡೆದು ಏಳುವವರು ಆ ಒಂದು ಟಿಕೆಟ್ ಎತ್ತಿಟ್ಟುಕೊಳ್ಳಿ. ಎರಡು, ಎಲ್ಲ ವಲಯ ಎಂದು ಬರೆದಿದ್ದರೂ ವಿಮಾನ ನಿಲ್ದಾಣ ಅದರಲ್ಲಿಲ್ಲ. ವರ್ಸಾಯ್‌ಗೆ ನಡೆಯುತ್ತದೆ. ಆದರೆ ಅರಮನೆಗೆ ಆರ್‌ಇಆರ್ ಸಿಯಲ್ಲಿ ಹೋಗಿಬರಲು ಈಗ ಬಿಡಿ ಟಿಕೆಟ್ ಎರಡೇ ಸಾಕು, ಹಾಗಾಗಿ ವರ್ಸಾಯ್ ಒಂದಕ್ಕೇ ಪಾಸು ಕೊಳ್ಳಬೇಡಿ.

ಪ್ಯಾರಿಸ್ ವಿಜಿಟ್: ಮೂರು ದಿನಕ್ಕೆ 62.30 ಯೂರೊ. ವಿಮಾನ ನಿಲ್ದಾಣ ಸೇರಿದೆ, ಲೆಕ್ಕ ಹಾಕುವ ತಲೆಬಿಸಿಯಿಲ್ಲ, ಅದಷ್ಟೇ ಅದರ ಗುಣ. ಶುಕ್ರವಾರ ಸಂಜೆ ಬಂದವರಿಗೂ ಶುಕ್ರವಾರ ಇಡೀ ದಿನ ಎಂದೇ ಲೆಕ್ಕ.

ಇನ್ನು ಟ್ಯಾಕ್ಸಿ. ನಾಲ್ವರಿದ್ದಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರೇ ಜಾಸ್ತಿ. ಶಾರ್ಲ್ ದ ಗೋಲ್‌ಗೆ ದರ ಗೊತ್ತುಪಡಿಸಿದ್ದು: ನದಿಯ ಬಲದಂಡೆಗೆ 56, ಎಡದಂಡೆಗೆ 65 ಯೂರೊ. ಟ್ರಾಫಿಕ್ ಜಾಮ್ ಆದರೂ ಅಷ್ಟೇ. ನಾಲ್ವರು ಹಂಚಿಕೊಂಡರೆ ಬಲದಂಡೆಯಿಂದ ತಲಾ 14, ರೈಲಿಗಿಂತ ಒಂದೇ ಯೂರೊ ಹೆಚ್ಚು. ಮೂವರಾದರೆ ತಲಾ ಹದಿನೆಂಟು ದಾಟುತ್ತದೆ, ಐದನೆಯವರು ಬಂದರೆ ಹೆಚ್ಚುವರಿ ಹಣ, ಗಾಡಿಯೂ ದೊಡ್ಡದು ಹುಡುಕಬೇಕು. ವಿಮಾನ ಇಳಿದು ಹೊರಬರುವಾಗ ‘ಟ್ಯಾಕ್ಸಿ, ಟ್ಯಾಕ್ಸಿ’ ಎಂದು ಬೆನ್ನು ಹತ್ತುವವರ ಹಿಂದೆ ಹೋಗಬೇಡಿ. ಗೊತ್ತುಪಡಿಸಿದ ದರ ಸಿಗುವುದು ಅಧಿಕೃತ ಸ್ಟ್ಯಾಂಡಿನ ಗಾಡಿಯಲ್ಲಿ ಮಾತ್ರ.

ಹಾಗಾಗಿ ನನ್ನ ಜೋಡಣೆ ಹೀಗೆ: ಬರುವಾಗ ರೈಲು, ಹೋಗುವಾಗ ಟ್ಯಾಕ್ಸಿ. ಆಗ ಕಾರ್ಡಿನಲ್ಲಿ ಎರಡನೆಯ ಸಲ ವಿಮಾನ ನಿಲ್ದಾಣದ ಟಿಕೆಟ್ ತುರುಕುವ ರಗಳೆಯೇ ಇಲ್ಲ. ತಲಾ ಕಾರ್ಡು 2, ಆರ್‌ಇಆರ್ 13, ಶನಿವಾರದ ಪಾಸು 12, ಭಾನುವಾರ ಮೂರು ಬಿಡಿ ಟಿಕೆಟ್ 7.50, ಟ್ಯಾಕ್ಸಿ 14: ಒಟ್ಟು 48.50. ಎರಡೂ ಕಡೆ ರೈಲೇ ಆದರೆ 47.50. ಸೂಟ್‌ಕೇಸ್ ಎಳೆದುಕೊಂಡು ಮೆಟ್ರೊ ಮೆಟ್ಟಿಲು ಹತ್ತಿಳಿಯುವುದನ್ನು ತಪ್ಪಿಸಲು ಒಂದು ಯೂರೊ ನನಗೆ ದುಬಾರಿ ಅಲ್ಲ. ಆರಾಮಾಗಿ ನಡೆಯುವ ಅಭ್ಯಾಸ ಇರುವವರಿಗೆ ಭಾನುವಾರ ಮೂರು ಟಿಕೆಟ್ ಧಾರಾಳ. ಲೂವ್ರ್‌ನಿಂದ ನೋತ್ರ್ ದಾಮ್‌ಗೆ ನದಿಯ ಪಕ್ಕದಲ್ಲೇ ನಡೆದು ಹೋಗಬಹುದು. ಕಾಲು ನೋವಿನವರು ಗುಂಪಿನಲ್ಲಿದ್ದರೆ ಭಾನುವಾರಕ್ಕೂ ದಿನದ ಪಾಸು ಹಾಕಿಸಿ.

ಪ್ಯಾರಿಸ್‌ನ ಇನ್ನೊಂದು ವಿಮಾನ ನಿಲ್ದಾಣ ಓರ್ಲಿಗೆ ಬಂದಿಳಿದರೆ 2024ರಿಂದ 14ನೇ ಲೈನಿನ ಮೆಟ್ರೊ ಇದೆ, ಟಿಕೆಟ್ ಅದೇ 13 ಯೂರೊದ್ದು. ಅಗ್ಗದ ವಿಮಾನದಲ್ಲಿ ದೂರದ ಬೋವೆ ವಿಮಾನ ನಿಲ್ದಾಣಕ್ಕೆ ಇಳಿಯುವವರಿಗೆ ಮೇಲಿನ ಯಾವ ಪಾಸೂ ನಡೆಯದು, ಅಲ್ಲಿಂದ ಬರಲು ಬೇರೆ ಬಸ್ಸು. ಆಮ್ಸ್ಟರ್‌ಡ್ಯಾಮ್, ಬ್ರಸೆಲ್ಸ್ ಕಡೆಯಿಂದ ರೈಲಲ್ಲಿ ಬರುವ ನಮ್ಮವರಿಗೆ ಈ ಗೋಜಲು ಅರ್ಧಕ್ಕರ್ಧ ಇಲ್ಲ: ಗಾರ್ ದು ನೋರ್‌ನಲ್ಲಿ ಇಳಿದ ಕೂಡಲೇ ಮೆಟ್ರೊ ಟಿಕೆಟ್.

ಹೊರಡುವಾಗ ಕಾರ್ಡಿನಲ್ಲಿ ಒಂದೆರಡು ಟಿಕೆಟ್ ಉಳಿದರೆ ಬಿಸಾಡಬೇಡಿ. ಕಾರ್ಡು ಹತ್ತು ವರ್ಷ ಬಾಳುತ್ತದೆ, ಹೆಸರಿಲ್ಲದ್ದರಿಂದ ಮುಂದೆ ಹೋಗುವ ಗೆಳೆಯರಿಗೂ ಕೊಡಬಹುದು. ಅವರು ವಿಮಾನದಲ್ಲಿ ಹೋಗುವವರಾದರೆ ಮಾತ್ರ ಒಳಗೆ ಟಿಕೆಟ್ ಉಳಿದಿದೆ ಎಂದು ಹೇಳಿಯೇ ಕೊಡಿ.