ಅಕೆಲ್ದಮಾಗೆ ವಾಕಿಂಗ್ ಟೂರ್, ಜೆರುಸಲೇಮ್: 5ಕ್ಕೆ 4

ಜೆರುಸಲೇಮ್‌ಗೆ ಹೋದೋರೆಲ್ಲ ಯೇಸುವನ್ನ ಶಿಲುಬೆಗೇರಿಸಿದ ಗೊಲ್ಗೊಥಾ, ಬಂಧಿಸಿದ ಗೆತ್ಸೆಮನೆ ನೋಡ್ಕೊಂಡು ಬರ್ತಾರೆ, ನಾವೂ ನೋಡಿದ್ವಿ, ಆದ್ರೆ ಅಮ್ಮಂಗೆ ಬೈಬಲ್‌ನಲ್ಲಿ ಬರೋ ಅಕೆಲ್ದಮಾ ಅನ್ನೋ 'ರಕ್ತದ ಹೊಲ' ನೋಡ್ಲೇಬೇಕು ಅಂತಿತ್ತು. ಹಾಗಾಗಿ ಹೋಟೆಲ್‌ನವರ ಕಡೆಯಿಂದ ಅರ್ಧ ದಿನಕ್ಕೆ ಒಬ್ಬ ಲೋಕಲ್ ಗೈಡ್ ಬುಕ್ ಮಾಡಿದ್ವಿ.

ಜಾಗ ಇರೋದು ಹಳೇ ನಗರದ ದಕ್ಷಿಣಕ್ಕೆ, ಹಿನ್ನೋಮ್ ಕಣಿವೆಲಿ. ಇಳೀತಾ ಗೈಡ್ ಹೇಳಿದ್ರು, ಗೇ ಹಿನ್ನೋಮ್ ಅನ್ನೋ ಈ ಕಣಿವೆ ಹೆಸರೇ ಯೇಸು ಕಾಲದ ಅರಮಾಯಿಕ್ ಭಾಷೆ ಬಾಯಲ್ಲಿ ಗೆಹಿನ್ನಾಮ್ ಆಗಿ, ಗ್ರೀಕ್‌ಗೆ ಹೋಗಿ ಗೆಹೆನ್ನಾ ಅಂದ್ರೆ ನರಕ ಆಯ್ತು ಅಂತ. ನಮ್ಮೂರಲ್ಲಿ ಉರ್ದು ಮಾತಾಡೋರು ಜಹನ್ನುಮ್ ಅಂತಾರಲ್ಲ, ಅದೂ ಇದೇ ಪದದ ಬಳಗ.

ಕೊಟ್ಟ ದುಡ್ಡು ಸಾರ್ಥಕ ಅನ್ಸಿದ್ದು ಅಕೆಲ್ದಮಾ ಹತ್ರ. ಅರಮಾಯಿಕ್‌ನಲ್ಲಿ ಹಕೆಲ್ ಅಂದ್ರೆ ಹೊಲ, ದೆಮಾ ಅಂದ್ರೆ ರಕ್ತ, ಗೈಡ್ ಎರಡನ್ನೂ ಬಿಡಿಸಿ ಬಿಡಿಸಿ ಹೇಳಿದ್ರು. ಅಮ್ಮ ಅಲ್ಲೇ ಕನ್ನಡ ಬೈಬಲ್ ತೆಗೆದು ಅಪೊಸ್ತಲರ ಕೃತ್ಯಗಳು 1:19 ಓದಿದ್ರು, ರಕ್ತದ ಹೊಲ ಅಂತಾನೇ ಇದೆ! ಮತ್ತಾಯ 27ರಲ್ಲಿ ಯೇಸುವನ್ನ ಹಿಡಿದುಕೊಟ್ಟ ಶಿಷ್ಯ ಯೂದ ಬಿಸಾಕಿದ 30 ಬೆಳ್ಳಿ ನಾಣ್ಯದಲ್ಲಿ ಯಾಜಕರು ಕುಂಬಾರನ ಹೊಲ ಕೊಂಡ್ಕೊತಾರೆ, ಪರದೇಶಿಗಳನ್ನ ಹೂಳೋಕೆ, ರಕ್ತದ ಬೆಲೆ ಅಂತ ಆ ಹೆಸರು. ಕೃತ್ಯಗಳಲ್ಲಿ ಯೂದನೇ ಕೊಂಡು ಅಲ್ಲೇ ಬಿದ್ದು ಸಾಯ್ತಾನೆ. ಎರಡು ಕಥೆ ಬೇರೆ ಬೇರೆ, ಗೈಡ್ ಎಳೆದು ತಂದು ಒಂದು ಮಾಡೋಕೆ ಹೋಗ್ಲಿಲ್ಲ, ಅದು ನಂಗೆ ತುಂಬಾ ಹಿಡಿಸ್ತು.

ಇನ್ನೊಂದು ವಿಷಯ ನಂಗೆ ಪೂರ್ತಿ ಹೊಸದು. ಬೈಬಲ್‌ನ ಕೆಲವು ಹಳೇ ಗ್ರೀಕ್ ಪ್ರತಿಗಳಲ್ಲಿ ಈ ಹೆಸರಿನ ಕೊನೇಲಿ ಒಂದು ಖ್ ಸದ್ದು ಇದೆಯಂತೆ, ಅಕೆಲ್ದಮಾಖ್. ಅರಮಾಯಿಕ್‌ನಲ್ಲಿ ದ್ಮಖ್ ಅಂದ್ರೆ ಮಲಗೋದು, ಹಾಗಾಗಿ ಇದು ಮೊದ್ಲು 'ನಿದ್ದೆಯ ಹೊಲ' ಅಂದ್ರೆ ಸ್ಮಶಾನ ಆಗಿತ್ತೇನೋ ಅಂತ ಕೆಲವು ವಿದ್ವಾಂಸರ ಊಹೆ. ಸ್ಮಶಾನಕ್ಕೆ ಇಂಗ್ಲಿಷ್‌ನಲ್ಲಿರೋ ಸೆಮೆಟರಿ ಅನ್ನೋ ಪದದ ಗ್ರೀಕ್ ಮೂಲಾನೂ ಮಲಗೋ ಜಾಗ ಅಂತಾನೇ. ಆದ್ರೆ ಆ ಖ್ ಬರೀ ಕೊನೇಲಿರೋ ಆಲೆಫ್ ಅನ್ನೋ ಅರಮಾಯಿಕ್ ಅಕ್ಷರವನ್ನ ಗ್ರೀಕ್‌ನಲ್ಲಿ ತೋರಿಸೋ ರೀತಿ, ಸೀರಾ ಅನ್ನೋ ಹೆಸರು ಸೀರಾಖ್ ಆದ ಹಾಗೆ, ಅನ್ನೋ ವಾದವೂ ಇದೆ, ನಂಗೆ ಅದೇ ಸರಿ ಅನ್ಸುತ್ತೆ. ಕೃತ್ಯಗಳನ್ನ ಬರೆದ ಲೂಕನೇ ರಕ್ತದ ಹೊಲ ಅಂತ ಅರ್ಥ ಬಿಡಿಸಿ ಬರ್ದಿದಾನಲ್ಲ.

ಒಂದು ಸ್ಟಾರ್ ಕಡಿಮೆ ಯಾಕಂದ್ರೆ, ಅಲ್ಲಿರೋ ಗ್ರೀಕ್ ಆರ್ಥೊಡಾಕ್ಸ್ ಮಠದ ಟೈಮಿಂಗ್ ಮೊದ್ಲೇ ವಿಚಾರಿಸಿರ್ಲಿಲ್ಲ, ಹೋದಾಗ ಬಾಗಿಲು ಹಾಕಿತ್ತು. ವಯಸ್ಸಾದವರು ಜೊತೆಲಿದ್ರೆ ಇಳಿಜಾರು ಕಷ್ಟ, ನೀರು ಒಯ್ಯಿರಿ, ಬಿಸಿಲಿಗೆ ಮುಂಚೆ ಹೊರಡಿ. ಬಂಡೆ ಕೊರೆದ ಸಮಾಧಿಗಳು, ಕ್ರುಸೇಡ್ ಅನ್ನೋ ಧರ್ಮಯುದ್ಧಗಳ ಕಾಲದಲ್ಲಿ ಯಾತ್ರಿಕರನ್ನ ಹೂಳ್ತಿದ್ದ ಕಟ್ಟಡದ ಅವಶೇಷ ಹೊರಗಿಂದಾನೇ ನೋಡಿದ್ವಿ. ದೂರದೂರಿಂದ ಬಂದು ಇಲ್ಲೇ ಉಳಿದೋರು ಅಂತ ಅಮ್ಮ ಅಲ್ಲೇ ನಿಂತು ಅವರಿಗೋಸ್ಕರ ಒಂದು ಪ್ರಾರ್ಥನೆ ಮಾಡಿದ್ರು, ಗೈಡ್ ಅವಸರ ಮಾಡದೆ ಕಾದ್ರು.