ಕಾರಿನ ಜೊತೆಗೇ ಬಂದ ನ್ಯಾವಿಗೇಶನ್: ವರ್ಷಗಟ್ಟಲೆ ಬಳಸಿದ ಮೇಲೆ

ಫೋನಿನಲ್ಲಿ ಮ್ಯಾಪ್ ಇರುವಾಗ ಕಾರಿನಲ್ಲೂ ಒಂದು ಬೇಕಾ? ಹೊಸ ಕಾರು ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ ಇದು. ನಾನು ವರ್ಷಗಳಿಂದ ಎರಡನ್ನೂ ಬಳಸುತ್ತಿದ್ದೇನೆ. ನನ್ನ ಅನುಭವದಲ್ಲಿ ಕಾರಿನದು ದಾರಿ ತೋರಿಸುವುದರಲ್ಲಿ ಗಟ್ಟಿ, ದಾರಿ ಹುಡುಕುವುದರಲ್ಲಿ ಹಿಂದೆ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿಯೂ ಇದೆ, ಸಿಟ್ಟೂ ಇದೆ.

ಉದ್ದನೆಯ ಸುರಂಗದೊಳಗೆ ಹೋದರೆ ಇದರ ಬೆಲೆ ಗೊತ್ತಾಗುತ್ತದೆ. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ನಾವಿರುವ ಜಾಗ ಲೆಕ್ಕ ಹಾಕಬೇಕಾದರೆ 4 ಉಪಗ್ರಹಗಳ ಸಿಗ್ನಲ್ ಆದರೂ ಸಿಗಬೇಕು. ಸುರಂಗದೊಳಗೆ ಒಂದೂ ಸಿಗುವುದಿಲ್ಲ. ಫೋನಿನ ಬಾಣ ಅಲ್ಲೇ ನಿಂತುಬಿಡುತ್ತದೆ, ಇಲ್ಲವೇ ಅಂದಾಜಿನ ಮೇಲೆ ಮುಂದಕ್ಕೆ ಹೋಗುತ್ತಿರುತ್ತದೆ. ಕಾರಿನ ಸಿಸ್ಟಂ ಹಾಗಲ್ಲ. ಚಕ್ರ ಎಷ್ಟು ಉರುಳಿತು ಅಂತ ಅದಕ್ಕೆ ಗೊತ್ತು. ಕಾರು ಯಾವ ಕಡೆ ತಿರುಗಿತು ಅಂತ ಗೈರೋ ಸೆನ್ಸರ್ ಹೇಳುತ್ತದೆ. ಎರಡನ್ನೂ ಸೇರಿಸಿಕೊಂಡು ಉಪಗ್ರಹದ ಹಂಗಿಲ್ಲದೆ ಲೆಕ್ಕ ಮುಂದುವರಿಸುತ್ತದೆ. ಸುರಂಗದೊಳಗೇ ರಸ್ತೆ ಎರಡಾಗಿ ಒಡೆಯುವ ಕಡೆ ಇದು ಎಷ್ಟು ದೊಡ್ಡ ಉಪಕಾರ ಅಂತ ಅಲ್ಲಿ ಓಡಿಸಿದವರಿಗೇ ಗೊತ್ತು. ಲೇನ್ ಬದಲಿಸಲು ಸಾಕಷ್ಟು ಮೊದಲೇ ಬಾಣ ಬರುತ್ತದೆ, ಸರಿಯಾಗಿಯೇ ಬರುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಸುತ್ತಿ ಸುತ್ತಿ ಮೇಲೆ ಬಂದಾಗಲೂ ಅಷ್ಟೇ. ಎತ್ತ ಮುಖ ಮಾಡಿದ್ದೇವೆ ಅಂತ ಫೋನು ಇನ್ನೂ ಹುಡುಕಾಡುವಾಗ ಕಾರಿನ ಮ್ಯಾಪ್ ಮೊದಲ ತಿರುವು ತೋರಿಸಿರುತ್ತದೆ.

ಈ ಉಪಾಯ ಹೊಸದೇನಲ್ಲ. 1981ರಲ್ಲಿ ಹೋಂಡಾ ತಂದ ಎಲೆಕ್ಟ್ರೋ ಗೈರೋಕೇಟರ್‌ನಲ್ಲಿ ಉಪಗ್ರಹದ ಮಾತೇ ಇರಲಿಲ್ಲ. ಗೈರೋ ಮತ್ತು ಕಾರು ಓಡಿದ ದೂರದ ಲೆಕ್ಕ, ಅದರ ಮೇಲೆ ಪಾರದರ್ಶಕ ಮ್ಯಾಪ್ ಹಾಳೆ, ಅಷ್ಟೇ. ಜಿಪಿಎಸ್ ಸೇರಿಸಿಕೊಂಡ ನ್ಯಾವಿಗೇಶನ್ ಕಾರಿನಲ್ಲೇ ಬಂದದ್ದು 1990ರಲ್ಲಿ, ಮಜ್ದಾದ ಯೂನೋಸ್ ಕಾಸ್ಮೋದಲ್ಲಿ. ಈ ಎರಡೂ ಲೆಕ್ಕಗಳು ಒಂದಕ್ಕೊಂದು ಆಸರೆಯಾಗಿ ನಿಲ್ಲುವುದೇ ಇವತ್ತಿಗೂ ಕಾರಿನ ಸಿಸ್ಟಂನ ನಿಜವಾದ ಬಲ.

ಇನ್ನೊಂದು ಸಂಗತಿ ಕಣ್ಣಿನದು. ತಿರುವಿನ ಬಾಣ ಸ್ಪೀಡೋಮೀಟರ್ ಪಕ್ಕದಲ್ಲೇ ಬರುತ್ತದೆ. ತಿರುವು ಹತ್ತಿರವಾದಂತೆ ಬಾಣದ ಪಕ್ಕದ ಪಟ್ಟಿ ಸ್ವಲ್ಪಸ್ವಲ್ಪವೇ ಕರಗುತ್ತಾ ಬರುತ್ತದೆ. ಎಷ್ಟು ಮೀಟರ್ ಉಳಿಯಿತು ಅಂತ ಓದಬೇಕಾಗಿಯೇ ಇಲ್ಲ, ಕಣ್ಣಂಚಿಗೇ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಈ ಬಾಣ ಮುಂದಿನ ಗಾಜಿನ ಮೇಲೇ ಮೂಡುತ್ತದೆ, ಅದು ಇನ್ನೂ ಚೆನ್ನ. ಫೋನ್ ಕರೆ ಬಂದರೂ ಮ್ಯಾಪ್ ಮರೆಯಾಗುವುದಿಲ್ಲ. ಬಿಸಿಲಿಗೆ ಗಾಜಿಗಂಟಿಸಿದ ಫೋನು ಕಾದು, ಸ್ಕ್ರೀನ್ ಮಂಕಾಗಿ, ಕೊನೆಗೆ ಕೈಕೊಡುತ್ತದೆ. ಕಾರಿನ ಸ್ಕ್ರೀನ್ ಆ ಬಿಸಿ ತಡೆಯೋ ಹಾಗೇ ಮಾಡಿದ್ದು. ಮ್ಯಾಪ್ ಕಾರಿನೊಳಗೇ ಇರುವುದರಿಂದ ನೆಟ್‌ವರ್ಕ್ ಇಲ್ಲದ ಬೆಟ್ಟದ ದಾರಿಯಲ್ಲೂ ಅದು ತೆರೆಯುತ್ತದೆ. ಫೋನಿನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟಿರಬೇಕು.

ಈಗ ಸಿಟ್ಟಿನ ಮಾತು. ಮೊದಲನೆಯದೂ ದೊಡ್ಡದೂ ಅಂದರೆ ಮ್ಯಾಪ್ ಹಳೆಯದಾಗುವುದು. ಹೊಸದಾಗಿ ತೆರೆದ ಬೈಪಾಸ್ ಮೇಲೆ ನಾನು ಹೋಗುತ್ತಿದ್ದೇನೆ. ಸ್ಕ್ರೀನ್ ನೋಡಿದರೆ ನನ್ನ ಕಾರು ಖಾಲಿ ಹೊಲದ ನಡುವೆ ಇದೆ. ಸುತ್ತ ಒಂದು ಗೆರೆಯೂ ಇಲ್ಲ. ಸಾಧ್ಯವಾದಾಗ ಯು-ಟರ್ನ್ ತಗೊಳ್ಳಿ ಅಂತ ಒಂದೇ ಸಮನೆ ಹೇಳುತ್ತಿದೆ. ಪಕ್ಕದಲ್ಲಿ ಹಳೆಯ ರಸ್ತೆ ಹತ್ತಿರ ಬಂದಾಗ ಬಾಣ ಅದರ ಮೇಲೆ ಹಾರಿ ಕೂರುತ್ತದೆ, ಆಮೇಲೆ ಮತ್ತೆ ಹೊಲಕ್ಕೆ ಬರುತ್ತದೆ. ಇದಕ್ಕೂ ಕಾರಣ ಇದೆ. ಕಾರು ಯಾವುದೋ ಒಂದು ರಸ್ತೆಯ ಮೇಲೇ ಇರಬೇಕು ಅಂತ ಸಿಸ್ಟಂ ನಂಬಿಕೊಂಡಿರುತ್ತದೆ. ಲೆಕ್ಕದಲ್ಲಿ ಬಂದ ಜಾಗವನ್ನು ಹತ್ತಿರದ ರಸ್ತೆಗೆ ಹೊಂದಿಸುತ್ತದೆ. ಮ್ಯಾಪ್ ಸರಿ ಇದ್ದಾಗ ಇದೇ ಗುಣದಿಂದ ಬಾಣ ಅಲುಗಾಡದೆ ನಿಲ್ಲುತ್ತದೆ. ಮ್ಯಾಪ್ ಹಳೆಯದಾದರೆ ಅದೇ ಗುಣ ದಾರಿ ತಪ್ಪಿಸುತ್ತದೆ. ಗೊತ್ತಿಲ್ಲದ ಊರಿನಲ್ಲಿ, ರಾತ್ರಿ ಹೊತ್ತು, ಹಿಂದೆ ಲಾರಿ ಹಾರ್ನ್ ಹೊಡೆಯುವಾಗ ಇದು ಸಣ್ಣ ತೊಂದರೆ ಅಲ್ಲವೇ ಅಲ್ಲ.

ಹಾಗಾದರೆ ಅಪ್‌ಡೇಟ್ ಮಾಡಿಸಿಬಿಡಿ ಅಂತೀರಾ? ನನ್ನ ಕಾರಿನಲ್ಲಿ ಆ ಕೆಲಸ ಹೀಗಿದೆ. ಕಂಪನಿಯ ವೆಬ್‌ಸೈಟ್‌ನಿಂದ ದೊಡ್ಡ ಫೈಲ್ ಇಳಿಸಿಕೊಂಡು, ಅವರು ಹೇಳಿದ ರೀತಿಯಲ್ಲೇ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಬೇಕು. ಅದನ್ನು ಕಾರಿಗೆ ಚುಚ್ಚಿ, ಇಂಜಿನ್ ಚಾಲೂ ಇಟ್ಟು ಕಾಯಬೇಕು. ನಡುವೆ ಆಫ್ ಮಾಡಿದರೆ ಮೊದಲಿನಿಂದ ಶುರು. ಕೊಂಡ ಮೇಲಿನ ಕೆಲವು ವರ್ಷ ಇದು ಉಚಿತ, ಆಮೇಲೆ ದುಡ್ಡು. ಅಷ್ಟಾದರೂ ಬರುವುದು ನಿನ್ನೆಯ ಮ್ಯಾಪ್ ಅಲ್ಲ. ರಸ್ತೆಯ ಮಾಹಿತಿ ಸಂಗ್ರಹಿಸಿ, ಮ್ಯಾಪ್ ಕಂಪನಿ ಸಿದ್ಧಪಡಿಸಿ, ಕಾರು ಕಂಪನಿ ತನ್ನ ಸಿಸ್ಟಂಗೆ ಹೊಂದಿಸಿ ಬಿಡುವ ಹೊತ್ತಿಗೇ ಅದಕ್ಕೆ ವಯಸ್ಸಾಗಿರುತ್ತದೆ. ಈಚಿನ ಕಾರುಗಳಲ್ಲಿ ಅಪ್‌ಡೇಟ್ ನೆಟ್ ಮೂಲಕ ತಾನಾಗೇ ಬರುತ್ತದೆ. ಅದು ನಿಜಕ್ಕೂ ಒಳ್ಳೆಯ ಬದಲಾವಣೆ. ಆದರೆ ಕಾರು ಹತ್ತು ಹದಿನೈದು ವರ್ಷ ಬಾಳುವ ವಸ್ತು, ಅದರೊಳಗಿನ ಮೊಬೈಲ್ ಸಂಪರ್ಕ ಅಷ್ಟು ಬಾಳುತ್ತದೆ ಅನ್ನೋ ಖಾತ್ರಿ ಇಲ್ಲ. ಅಮೆರಿಕದಲ್ಲಿ 2022ರಲ್ಲಿ 3ಜಿ ನಿಲ್ಲಿಸಿದಾಗ ಅದನ್ನೇ ನಂಬಿದ್ದ ಎಷ್ಟೋ ಕಾರುಗಳ ಆನ್‌ಲೈನ್ ಸೇವೆಗಳು ನಿಂತುಹೋದವು. ಇಂಜಿನ್ ಗಟ್ಟಿಯಾಗಿರುವಾಗ ಕಾರಿನ ಒಂದು ಭಾಗ ಹೀಗೆ ಸಾಯುವುದು ಗ್ರಾಹಕರಿಗೆ ಅನ್ಯಾಯ.

ಹುಡುಕಾಟದ ಕಷ್ಟ ಬೇರೆ. ಫೋನಿನಲ್ಲಿ ಅಂಗಡಿಯ ಹೆಸರು ಅರ್ಧಂಬರ್ಧ ಹಾಕಿದರೂ ಸಿಗುತ್ತದೆ. ಇಲ್ಲಿ ಊರು, ಆಮೇಲೆ ಬೀದಿ, ಆಮೇಲೆ ಮನೆ ನಂಬರ್, ಅದೇ ಕ್ರಮದಲ್ಲಿ ಹಾಕಬೇಕು. ಕಾಗುಣಿತ ಒಂಚೂರು ಬೇರೆಯಾದರೂ ಏನೂ ಸಿಗಲಿಲ್ಲ ಅನ್ನುತ್ತದೆ. ಕಾರು ಓಡುವಾಗ ಟೈಪ್ ಮಾಡಲು ಬಿಡುವುದಿಲ್ಲ. ಡ್ರೈವರ್ ವಿಷಯದಲ್ಲಿ ಅದು ಸರಿಯೇ. ಆದರೆ ಪಕ್ಕದಲ್ಲಿ ಕೂತವರು ಸುಮ್ನೆ ಕೈಕಟ್ಟಿ ನೋಡಬೇಕಾಗುತ್ತದೆ. ಟ್ರಾಫಿಕ್ ಮಾಹಿತಿಯಲ್ಲೂ ಫೋನೇ ಮುಂದೆ, ಯಾಕಂದರೆ ರಸ್ತೆಯಲ್ಲಿರುವ ಸಾವಿರಾರು ಫೋನುಗಳ ವೇಗ ನೋಡಿಯೇ ಅದು ಜಾಮ್ ಎಲ್ಲಿದೆ ಅಂತ ಹೇಳುತ್ತದೆ.

ಫ್ಲೈಓವರ್ ಮತ್ತು ಅದರ ಕೆಳಗಿನ ಸರ್ವಿಸ್ ರಸ್ತೆಯ ಗೊಂದಲ ಮಾತ್ರ ಎರಡಕ್ಕೂ ಇದೆ. ಜಿಪಿಎಸ್‌ನಲ್ಲಿ ಎತ್ತರದ ಲೆಕ್ಕ ನೆಲದ ಮೇಲಿನ ಜಾಗದ ಲೆಕ್ಕದಷ್ಟು ನಿಖರ ಅಲ್ಲ. ಮೇಲಿದ್ದೀರಾ ಕೆಳಗಿದ್ದೀರಾ ಅನ್ನೋದು ಅದಕ್ಕೆ ಸುಲಭಕ್ಕೆ ತಿಳಿಯುವುದಿಲ್ಲ. ಇಲ್ಲಿ ಬೋರ್ಡ್ ಓದುವುದೇ ಸರಿ.

ಎಲೆಕ್ಟ್ರಿಕ್ ಕಾರು ಕೊಳ್ಳುವವರಿಗೆ ನನ್ನ ಮಾತು ಸ್ವಲ್ಪ ಬೇರೆ. ಅಲ್ಲಿ ಕಾರಿನ ನ್ಯಾವಿಗೇಶನ್ ಬಿಡಬೇಡಿ. ಬ್ಯಾಟರಿಯಲ್ಲಿ ಎಷ್ಟಿದೆ, ಈ ದಾರಿಗೆ ಎಷ್ಟು ಬೇಕು, ನಡುವೆ ಎಲ್ಲಿ ಚಾರ್ಜ್ ಮಾಡಬೇಕು ಅಂತ ಅದು ಸೇರಿಸಿ ಹೇಳಬಲ್ಲದು. ಹಲವು ಕಾರುಗಳಲ್ಲಿ ಫಾಸ್ಟ್ ಚಾರ್ಜರ್ ಅನ್ನು ತಲುಪುವ ಜಾಗವಾಗಿ ಹಾಕಿದರೆ, ಹೋಗುವ ದಾರಿಯಲ್ಲೇ ಬ್ಯಾಟರಿಯನ್ನು ತಕ್ಕ ಬಿಸಿಗೆ ತಂದಿಟ್ಟುಕೊಳ್ಳುತ್ತದೆ. ಚಳಿಯಲ್ಲಿ ಇದರಿಂದ ಕಾಯುವ ಹೊತ್ತು ಚೆನ್ನಾಗಿ ಕಡಿಮೆಯಾಗುತ್ತದೆ.

ನಾನು ಈಗ ಮಾಡುವುದು ಇಷ್ಟು. ದಿನದ ಓಡಾಟಕ್ಕೆ, ಜಾಮ್ ಇರುವ ಊರಿಗೆ ಆಂಡ್ರಾಯ್ಡ್ ಆಟೋ ಮೂಲಕ ಫೋನಿನ ಮ್ಯಾಪನ್ನೇ ಕಾರಿನ ಸ್ಕ್ರೀನ್‌ಗೆ ತರುತ್ತೇನೆ. ಸುರಂಗ, ಬೆಟ್ಟ, ನೆಟ್ ಸಿಗದ ದೂರದ ದಾರಿಗೆ ಕಾರಿನದು. ಎರಡನ್ನೂ ಒಟ್ಟಿಗೆ ಮಾತಾಡಲು ಬಿಡುವುದಿಲ್ಲ, ತಲೆ ಕೆಡುತ್ತದೆ.

ಕೊಳ್ಳುವ ಮುಂಚೆ ಟೆಸ್ಟ್ ಡ್ರೈವ್‌ನಲ್ಲಿ ಹತ್ತು ನಿಮಿಷ ಜಾಸ್ತಿ ಕೂತು ನೋಡಿ. ನಿಮಗೆ ಗೊತ್ತಿರುವ ಯಾವುದಾದರೂ ಹೊಸ ರಸ್ತೆ ಮ್ಯಾಪ್‌ನಲ್ಲಿ ಇದೆಯಾ? ನಿಮ್ಮ ಮನೆ ವಿಳಾಸ ಹಾಕಲು ಎಷ್ಟು ಹೊತ್ತು ಹಿಡಿಯಿತು? ಫೋನಿನ ಮ್ಯಾಪ್ ಹಾಕಿದಾಗಲೂ ಬಾಣ ಸ್ಪೀಡೋಮೀಟರ್ ಪಕ್ಕ ಬರುತ್ತದಾ? ಕೆಲವು ಕಾರುಗಳಲ್ಲಿ ಬರುತ್ತದೆ, ಕೆಲವದರಲ್ಲಿ ಇಲ್ಲ. ಮ್ಯಾಪ್ ಅಪ್‌ಡೇಟ್ ಎಷ್ಟು ವರ್ಷ ಉಚಿತ ಅನ್ನೋದನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಬರೆಸಿಕೊಳ್ಳಿ. ಮುಂದೆ ಕಾರು ಮಾರುವಾಗ ಮನೆ ವಿಳಾಸ, ಹೋಗಿಬಂದ ಜಾಗಗಳು, ಫೋನ್ ನಂಬರ್‌ಗಳು ಎಲ್ಲ ಅದರೊಳಗೇ ಉಳಿದಿರುತ್ತವೆ. ಕೀಲಿ ಕೊಡುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿ.