ಟೋಕಿಯೊದಲ್ಲಿ ಮಧ್ಯಾಹ್ನದ ಟೆಂಪುರಾ: ಮೂರು ಕಡೆ ಉಂಡು ಕಂಡದ್ದು

ಟೋಕಿಯೊದಲ್ಲಿ ಒಂದೇ ಒಂದು ಮಧ್ಯಾಹ್ನವನ್ನು ಟೆಂಪುರಾಕ್ಕೆ, ಅಂದರೆ ಸೀಗಡಿ, ಮೀನು, ತರಕಾರಿಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಜಪಾನಿ ತಿನಿಸಿಗೆ, ಮೀಸಲಿಡುವುದಾದರೆ ನನ್ನ ಮತ ಶಿಂಜುಕುವಿನ ತ್ಸುನಾಹಾಚಿ ಎಂಬ ಅಂಗಡಿಗೆ, ಅದೂ ಬಾಣಲೆಯ ಎದುರಿನ ಕೌಂಟರಿಗೆ. ಅಸಾಕುಸಾದ ದೈಕೊಕುಯಾ, ನಗರದ ತುಂಬ ಶಾಖೆಗಳಿರುವ ತೆನ್ಯಾ, ಇವೆರಡರಲ್ಲೂ ಉಂಡ ಮೇಲೆ ಬಂದ ತೀರ್ಮಾನ ಇದು.

1924ರಲ್ಲಿ ಶುರುವಾದ ತ್ಸುನಾಹಾಚಿಯ ಕೌಂಟರಿನಲ್ಲಿ ಎಲ್ಲವನ್ನೂ ಒಮ್ಮೆಗೇ ಬಡಿಸುವುದಿಲ್ಲ. ಕರಿಯುವವರು ಒಂದೆರಡು ತುಂಡು ಮುಂದಿಟ್ಟು, ನಾವು ತಿನ್ನುವ ವೇಗ ನೋಡಿಕೊಂಡು ಮುಂದಿನದನ್ನು ಎಣ್ಣೆಗೆ ಬಿಡುತ್ತಾರೆ. ಇದು ಬರೀ ಉಪಚಾರವಲ್ಲ. ಟೆಂಪುರಾದ ಹಿಟ್ಟನ್ನು ತಣ್ಣನೆಯ ನೀರಿನಲ್ಲಿ, ಗಂಟು ಉಳಿದರೂ ಚಿಂತೆಯಿಲ್ಲ ಎನ್ನುವಂತೆ ಅರೆಬರೆ ಕಲಸುತ್ತಾರೆ. ಹೆಚ್ಚು ಕಲಸಿದರೆ ಗೋಧಿಯ ಅಂಟು ಎದ್ದು ಹೊದಿಕೆ ದಪ್ಪವಾಗುತ್ತದೆ. ಹಾಗೆ ತೆಳುವಾಗಿ ಬಂದ ಹೊದಿಕೆ ಒಳಗಿನ ಆವಿಗೆ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಬಾಣಲೆಯಿಂದ ಬಾಯಿಗೆ ಎಷ್ಟು ಬೇಗ ಬರುತ್ತದೆ ಎನ್ನುವುದರ ಮೇಲೆಯೇ ಅರ್ಧ ರುಚಿ ನಿಂತಿದೆ. ಸೀಗಡಿಯ ಸಿಹಿ, ತಾವರೆ ಗೆಡ್ಡೆಯ ಕಟಕಟ, ಬದನೆಯೊಳಗಿನ ಸುಡುವ ರಸ, ಎಲ್ಲವೂ ಬೇರೆಬೇರೆಯಾಗಿ ನಾಲಿಗೆಗೆ ಸಿಕ್ಕವು. ನನಗೆ ಹೆಚ್ಚು ಹಿಡಿಸಿದ್ದು ಕಿಸು ಮೀನು. ನಮ್ಮ ಕರಾವಳಿಯ ಕಾಣೆ ಮೀನಿನ ಕುಲದ್ದೇ ಅದು. ಮಸಾಲೆಯಿಲ್ಲದೆ ಬರೀ ಉಪ್ಪು ಮುಟ್ಟಿಸಿ ತಿಂದಾಗ ಆ ಮಾಂಸ ಎಷ್ಟು ನವಿರು ಎಂದು ಗೊತ್ತಾಯಿತು. ಮೂಲಂಗಿ ತುರಿ ಬೆರೆಸಿದ ತೆಂತ್ಸುಯು ಎಂಬ ತಿಳಿಸಾರನ್ನು ಬದನೆಗೆ ಉಳಿಸಿಕೊಳ್ಳಿ.

ದೈಕೊಕುಯಾದ ದಾರಿಯೇ ಬೇರೆ. 1887ರಿಂದ ನಡೆದುಬಂದ ಈ ಅಂಗಡಿಯಲ್ಲಿ ತಿನ್ನಬೇಕಾದದ್ದು ತೆಂಡೊನ್: ಎಳ್ಳೆಣ್ಣೆಯಲ್ಲಿ ಕರಿದ ಸೀಗಡಿಗೆ ಕಪ್ಪನೆಯ ಸಿಹಿ-ಉಪ್ಪಿನ ಸಾಸು ಹಿಡಿಸಿ ಬಿಸಿ ಅನ್ನದ ಮೇಲೆ ಇಟ್ಟು ಕೊಡುತ್ತಾರೆ. ಇಲ್ಲಿ ಗರಿಗರಿಯನ್ನು ಹುಡುಕಬಾರದು. ಹೊದಿಕೆ ಸಾಸನ್ನು ಹೀರಿ ಮೆದುವಾಗುವುದೇ ಈ ಅಡುಗೆಯ ಉದ್ದೇಶ, ಆ ಸಾಸು ಇಳಿದ ಅನ್ನ ಸೀಗಡಿಗಿಂತಲೂ ರುಚಿ. ಆದರೆ ಹೊಟ್ಟೆಗೆ ಭಾರ, ಸಂಜೆಯವರೆಗೂ ಹಸಿವು ಸುಳಿಯುವುದಿಲ್ಲ. ಎಡೊ ಕಾಲದ (ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದ) ಬೀದಿಗಾಡಿಗಳಲ್ಲಿ ದುಡಿಮೆಗಾರರ ತಿಂಡಿಯಾಗಿದ್ದ ಟೆಂಪುರಾದ ಗಟ್ಟಿತನ ಬೇಕೆಂದರೆ ಇಲ್ಲಿಗೇ ಹೋಗಬೇಕು. ನನ್ನ ಪಟ್ಟಿಯಲ್ಲಿ ಇದು ಎರಡನೆಯದು, ಆದರೆ ಬಹಳ ಹಿಂದಿಲ್ಲ.

1989ರಲ್ಲಿ ಆರಂಭವಾದ ತೆನ್ಯಾದಲ್ಲಿ ಕರಿಯುವುದು ಯಂತ್ರ. ಬೆಲೆ ಕಡಿಮೆ, ಊಟ ಬೇಗ ಮುಗಿಯುತ್ತದೆ. ರೈಲು ಹಿಡಿಯುವ ಆತುರವಿದ್ದಾಗ ಧಾರಾಳವಾಗಿ ಹೋಗಬಹುದು.

ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿ ಟೆಂಪುರಾ ಎಲ್ಲೆಡೆ ಸಿಗುತ್ತದೆ, ಆದರೆ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ, ತೆಂತ್ಸುಯುವಿನಲ್ಲಿ ಒಣಮೀನಿನ ಸಾರ ಇರುತ್ತದೆ. ಎಣ್ಣೆಯೂ ಮೀನು ಕರಿದದ್ದೇ ಆಗಿರಬಹುದು. ಕಟ್ಟುನಿಟ್ಟು ಪಾಲಿಸುವವರು ಮೊದಲೇ ಕೇಳಿಕೊಳ್ಳಲೇಬೇಕು.

ಕೌಂಟರಿನ ಊಟ ದುಬಾರಿಯೆಂದು ಹಿಂಜರಿಯುವವರು ಮಧ್ಯಾಹ್ನವನ್ನೇ ಆರಿಸಿಕೊಳ್ಳಲಿ. ಇಂಥ ಅಂಗಡಿಗಳಲ್ಲಿ ರಾತ್ರಿಗಿಂತ ಆಗ ಬೆಲೆ ಸಾಕಷ್ಟು ಇಳಿದಿರುತ್ತದೆ. ಹನ್ನೆರಡಕ್ಕೆ ಮೊದಲೇ ತಲುಪಿ, ಬಾಗಿಲಲ್ಲೇ ಕೌಂಟರ್ ಬೇಕೆಂದು ಹೇಳಿ. ಮೇಜು ಮಾತ್ರ ಖಾಲಿ ಇದೆ ಎಂದರೆ ಸ್ವಲ್ಪ ಹೊತ್ತು ಕಾಯುವುದು ಮೇಲು.